ಎಡಗಡೆ ಚುಚ್ಚುತ್ತೆ

ಶನಿವಾರ ಬೆಳಗ್ಗೆ ಒಂಬತ್ತೂಕಾಲಿಗೆ ಎಲ್ವುಡ್ ಶೇಫರ್ ಅಗ್ನಿಶಾಮಕ ಠಾಣೆಯ ಹಿಂದೆ ಸಭೆ ಸೇರುವ ಹಾಲಿನ ಬಾಗಿಲಲ್ಲಿ ನಿಂತು, ತಾನು ಇಲ್ಲಿಗೆ ಯಾಕೆ ಬಂದೆ ಎಂದು ಯೋಚಿಸುತ್ತಿದ್ದ. ಕಾಫಿಯ ವಾಸನೆ, ಪಿಸ್ತೂಲಿಗೆ ಸವರುವ ಎಣ್ಣೆಯ ವಾಸನೆ, ಬಿಸಿ ಡೋನಟ್ಟಿನ ವಾಸನೆ, ಮೂರೂ ಒಟ್ಟಿಗೆ ಮೂಗಿಗೆ ಬಡಿದ ಮೇಲೆ ನೆನಪಾಯಿತು. ಟವೆಲ್ ಪಂದ್ಯ. ಇವತ್ತು ತನ್ನ ಸರದಿ. ಅಷ್ಟು ನೆನಪಾದದ್ದಕ್ಕೇ ಅವನಿಗೆ ಅರ್ಧ ಗೆದ್ದಷ್ಟು ಖುಷಿಯಾಯಿತು, ಪಾಪ.

"ಒಳಗೆ ನಡಿಯಪ್ಪಾ, ಬಾಗಿಲಿಗೆ ಅಡ್ಡ ನಿಂತ್ರೆ ಎಲ್ಲರೂ ಬೈತಾರೆ," ಎಂದು ಮಗಳು ಡೋರಿನ್ ಹಿಂದಿನಿಂದ ಬೆನ್ನು ಮುಟ್ಟಿದಳು.

"ಬಂದೆ ಕಣೇ ಆರ್ಲೀನ್."

ಆರ್ಲೀನ್ ಅಂದರೆ ಅವನ ಹೆಂಡತಿ. ತೀರಿಕೊಂಡು ಆರು ವರ್ಷವಾಗಿತ್ತು. ಡೋರಿನ್ ಏನೂ ಅನ್ನಲಿಲ್ಲ, ಅನ್ನದೇ ಇದ್ದದ್ದೇ ಅವನಿಗೆ ಸಿಟ್ಟು ತರಿಸಿತು. ಮೊದಲೆಲ್ಲ ಹೆಸರು ತಪ್ಪಿದರೆ ಥಟ್ಟನೆ ತಿದ್ದುತ್ತಿದ್ದಳು. ಈಗ ಬಿಟ್ಟುಬಿಡುತ್ತಾಳೆ. ತಿದ್ದಿ ಪ್ರಯೋಜನವಿಲ್ಲದವರನ್ನು ಮಾತ್ರ ಜನ ಹಾಗೆ ಬಿಡುವುದು ಎಂದು ಅವನಿಗೆ ಗೊತ್ತಿತ್ತು.

ಪೆನ್ಸಿಲ್ವೇನಿಯಾದ ಆ ಸಣ್ಣ ಊರಿನ ಹಾಲಿನಲ್ಲಿ ತಿಂಗಳಿಗೊಮ್ಮೆ ಸೇರುತ್ತಿದ್ದವರೆಲ್ಲ ಹಳೆಯ ಜರ್ಮನ್ ಪಿಸ್ತೂಲಿನ ಹುಚ್ಚರು. ಹುಚ್ಚು ಅಂದರೆ ಅಂತಿಂಥದ್ದಲ್ಲ, ಒಂದು ಸ್ಕ್ರೂವಿನ ತಲೆಯ ಮೇಲೆ ಹೊಸ ಗೀರು ಕಂಡರೆ ಊಟ ಬಿಡುವ ಜಾತಿ. ಪಿಸ್ತೂಲಿನಿಂದ ಗುಂಡು ಹಾರುತ್ತದೋ ಇಲ್ಲವೋ ಇವರಿಗೆ ಬೇಕಿಲ್ಲ. ಇವರು ಹುಡುಕುವುದು ಅಂಕಿಯನ್ನು. ಆ ಕಾಲದ ಕಾರ್ಖಾನೆಯವರು ಪಿಸ್ತೂಲಿನ ನಂಬರಿನ ಕೊನೆಯ ಎರಡು ಅಂಕಿಗಳನ್ನು ಅದರ ಒಂದೊಂದು ಬಿಡಿಭಾಗದ ಮೇಲೂ, ಹಿಡಿಯ ಎರಡು ಬದಿಗೆ ಕೂರಿಸುವ ಮರದ ಪಟ್ಟಿಯ ಒಳಮೈಯಲ್ಲೂ ಒತ್ತುತ್ತಿದ್ದರು. ಎಲ್ಲ ಕಡೆಯೂ ಅದೇ ಅಂಕಿ ಇದ್ದರೆ ಪಿಸ್ತೂಲು ಹುಟ್ಟಿದ ಹಾಗೇ ಉಳಿದಿದೆ, ಅಸಲಿ. ಒಂದೇ ಒಂದು ತಪ್ಪಿದರೂ ಬೆರಕೆ. ಬೆರಕೆಯನ್ನಾದರೂ ಇವರು ಸಹಿಸುತ್ತಾರೆ, ಆದರೆ ಬೇರೆ ಪಿಸ್ತೂಲಿನ ಭಾಗದ ಮೇಲೆ ಸುಳ್ಳು ಅಂಕಿ ಒತ್ತಿ ಅಸಲಿ ಎಂದು ತೋರಿಸುವವನನ್ನು ಸಹಿಸುವುದಿಲ್ಲ. ಗೋಡೆಗೆ ನೇತುಹಾಕಿದ ಸದಸ್ಯರ ಹಲಗೆಯಿಂದ ಅಂಥವನ ಹೆಸರನ್ನು ಹೊಡೆದುಹಾಕುತ್ತಾರೆ. ಐವತ್ತು ವರ್ಷದಲ್ಲಿ ಇಬ್ಬರ ಹೆಸರು ಹಾಗೆ ಹೋಗಿತ್ತು. ಅವರು ಸತ್ತಾಗ ಮಣ್ಣಿಗೂ ಯಾರೂ ಹೋಗಲಿಲ್ಲ.

ಟವೆಲ್ ಪಂದ್ಯ ಅಂದರೆ ಇಷ್ಟೆ. ಕಾರ್ಯದರ್ಶಿ ಯಾರಿಗೂ ಹೇಳದೆ ಒಂದು ಪಿಸ್ತೂಲು ತರುತ್ತಾನೆ. ಗುಂಡಿಲ್ಲ ಎಂದು ಇಬ್ಬರು ನೋಡಿ ಖಾತ್ರಿ ಮಾಡಿ, ಗುಂಡು ಹಾರದ ಹಾಗೆ ಕೆಂಪು ಪ್ಲಾಸ್ಟಿಕ್ ದಾರ ಬಿಗಿದು, ಟವೆಲಿನ ಕೆಳಗೆ ಇಡುತ್ತಾರೆ. ಸರದಿ ಬಂದವನು ಬರಿಗೈ ಒಳಗೆ ಹಾಕಿ, ನೋಡದೆ, ಎರಡು ನಿಮಿಷದಲ್ಲಿ ಮೂರು ವಿಷಯ ಹೇಳಬೇಕು: ಯಾವ ಮಾದರಿ, ಯಾವ ಕಾಲದ್ದು, ಅಸಲಿಯೋ ಬೆರಕೆಯೋ. ನಲವತ್ತು ವರ್ಷದಲ್ಲಿ ಎಲ್ವುಡ್ ಸೋತದ್ದು ಎರಡು ಸಲ. ಅದರಲ್ಲಿ ಒಂದು ಸಲ ಜ್ವರವಿತ್ತು.

ಆದರೆ ಇವತ್ತಿನ ಪಂದ್ಯ ಬರೀ ಆಟವಾಗಿರಲಿಲ್ಲ. ಹೋದ ತಿಂಗಳು ಡೋರಿನ್ ಅಪ್ಪನ ಫ್ರಿಜ್ಜು ತೆಗೆದರೆ ಎಲೆಕೋಸಿನ ಪಕ್ಕದಲ್ಲಿ ಸಾವಿರದ ಒಂಬೈನೂರ ಹದಿನೇಳರ ಒಂದು ಪಿಸ್ತೂಲು ತಣ್ಣಗೆ ಮಲಗಿತ್ತು. ಬೆಣ್ಣೆ ಮಾತ್ರ ತಿಜೋರಿಯಲ್ಲಿ ಸಿಕ್ಕಿತು. ತಿಜೋರಿ ಹಾರುಹೊಡೆದಿತ್ತು. ಅವತ್ತು ಅವಳು ನಕ್ಕಳು, ಆಮೇಲೆ ಅಡುಗೆಮನೆಯಲ್ಲೇ ಕೂತು ಅತ್ತಳು, ಆಮೇಲೆ ತಿಜೋರಿಯ ಕೀಲಿ ಕೇಳಿದಳು. ಎಲ್ವುಡ್ ಕೊಡಲಿಲ್ಲ. ಕೀಲಿಯನ್ನು ಬೂಟಿನ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ, ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ಕೊನೆಗೆ ಒಪ್ಪಂದವಾಯಿತು. ಟವೆಲ್ ಪಂದ್ಯದಲ್ಲಿ ಗೆದ್ದರೆ ಕೀಲಿ ಅವನದೇ. ಸೋತರೆ ಕೀಲಿ ಮಗಳಿಗೆ, ಪಿಸ್ತೂಲುಗಳೆಲ್ಲ ವಸಂತದ ಹರಾಜಿಗೆ.

ಆ ತಿಜೋರಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಾಗ ಮಾತ್ರ ಎಲ್ವುಡ್‌ಗೆ ತಾನು ಯಾರೆಂದು ಪೂರ್ತಿ ತಿಳಿಯುತ್ತಿತ್ತು. ಅದನ್ನು ಮಗಳಿಗೆ ಹೇಗೆ ಹೇಳುವುದೋ ಅವನಿಗೆ ಗೊತ್ತಾಗಲಿಲ್ಲ.

"ಬಂದ್ನಪ್ಪಾ ಮಹಾರಾಯ!" ಎಂದು ಬರ್ನಿಸ್ ಕೂಗಿದಳು. ಸಂಘದ ಅಧ್ಯಕ್ಷೆ, ಎಂಬತ್ತು ದಾಟಿದವಳು, ಗಂಟಲು ಮಾತ್ರ ಇಪ್ಪತ್ತರದು. "ಏನು ಎಲ್ವುಡ್, ಮದುವೆಗೆ ಹೊರಟವನ ಹಾಗೆ ಟೈ ಬೇರೆ ಕಟ್ಟಿದ್ದೀಯಾ?"

"ನಿನ್ನ ಸೋಲಿಸೋಕೆ ಟೈ ಯಾಕಮ್ಮ ಬೇಕು? ಬನಿಯನ್ನೇ ಸಾಕು."

ಎಲ್ಲರೂ ಗೊಳ್ಳೆಂದು ನಕ್ಕರು. ಎಲ್ವುಡ್‌ಗೂ ಜೀವ ಬಂದಂತಾಯಿತು. ಮಾತು ಬರುತ್ತಿತ್ತು, ಸರಿಯಾಗಿಯೇ ಬರುತ್ತಿತ್ತು. ಟೈ ಯಾವಾಗ ಕಟ್ಟಿಕೊಂಡೆ ಎಂಬುದು ಮಾತ್ರ ಹೊಳೆಯಲಿಲ್ಲ.

ಮೇಜಿನ ಆಚೆ ವಿಲ್ಮರ್ ಕೂತಿದ್ದ. ಐವತ್ತು ವರ್ಷದ ಗೆಳೆಯ, ನಲವತ್ತು ವರ್ಷದಿಂದ ಸಂಘದ ಕಾರ್ಯದರ್ಶಿ. ಕಾರ್ಖಾನೆಯೊಂದರಲ್ಲಿ ಉಕ್ಕಿನ ಅಚ್ಚು ಕೆತ್ತುವ ಕೆಲಸ ಮಾಡಿ ನಿವೃತ್ತನಾದವನು. ಪ್ರತಿ ಕ್ರಿಸ್ಮಸ್ಸಿಗೂ ತಪ್ಪದೆ ಎಲ್ವುಡ್‌ಗೆ ಒಂದು ಜೊತೆ ಬಿಳಿ ಹತ್ತಿಯ ಕೈಗವಸು ಉಡುಗೊರೆ ಕೊಡುತ್ತಿದ್ದ. ಬೆವರು ತಾಗಿದರೆ ಉಕ್ಕು ತುಕ್ಕು ಹಿಡಿಯುತ್ತದೆ ಎಂದು ಅವನೇ ಹೇಳಿಕೊಟ್ಟದ್ದು. ಅಂದಿನಿಂದ ಎಲ್ವುಡ್ ತನ್ನ ಒಂದು ಪಿಸ್ತೂಲನ್ನೂ ಗವಸಿಲ್ಲದೆ ಮುಟ್ಟಿರಲಿಲ್ಲ. ಇಂಥ ಗೆಳೆಯ ಯಾರಿಗುಂಟು ಎಂದು ಆರ್ಲೀನ್ ಹೇಳುತ್ತಿದ್ದಳು.

"ಸುಲಭದ್ದೇ ತಂದಿದ್ದೀನಿ ಕಣೋ, ಗಾಬರಿ ಆಗಬೇಡ," ಎಂದು ವಿಲ್ಮರ್ ಮೆಲ್ಲಗೆ ಹೇಳಿದ.

"ನನಗ್ಯಾಕೋ ಸುಲಭದ್ದು? ನಾನೇನು ಎಳೆಮಗುವಾ?"

ಬರ್ನಿಸ್ ಗಡಿಯಾರ ಎತ್ತಿದಳು. ಎಲ್ವುಡ್ ಅಂಗಿಯ ತೋಳು ಮಡಿಸಿ ಟವೆಲಿನ ಕೆಳಗೆ ಎರಡೂ ಕೈ ಹಾಕಿದ.

ಮೊದಲು ನಳಿಗೆ ಸಿಕ್ಕಿತು. ಉದ್ದ ನಳಿಗೆ. ಬೆರಳು ತನ್ನಷ್ಟಕ್ಕೆ ಹಿಂದೆ ಸರಿದು ಗುರಿ ನೋಡುವ ಕಂಡಿಯನ್ನು ಹುಡುಕಿತು, ಅದು ತೀರಾ ಹಿಂದಿನ ತುದಿಯಲ್ಲಿತ್ತು. ಹೆಸರು ನಾಲಿಗೆಯ ತುದಿಗೆ ಬಂತು, ಓಡಿಹೋಯಿತು, ಮತ್ತೆ ಬಂತು.

"ಲ್ಯೂಗರ್! ನೌಕಾಪಡೆಯದು," ಎಂದ. "ಮೊದಲ ಯುದ್ಧಕ್ಕಿಂತ ಮುಂಚಿನದು. ಸಾವಿರದ ಒಂಬೈನೂರ ಎಂಟನೇ ಇಸವಿ ಹೊತ್ತಿನದು."

"ಭಲೇ," ಎಂದರು ಯಾರೋ. ಡೋರಿನ್ ಹಿಡಿದಿದ್ದ ಉಸಿರು ಬಿಟ್ಟದ್ದು ಅವನಿಗೂ ಕೇಳಿಸಿತು. ವಿಲ್ಮರ್ ನಗುತ್ತಿದ್ದ.

ಇನ್ನು 'ಅಸಲಿ' ಎಂಬ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೈ ಕೇಳಬೇಕಲ್ಲ! ಅದು ಹಿಡಿಯ ಕಡೆಗೆ ಇಳಿಯಿತು. ಬಲಗಡೆಯ ಮರದ ಮೇಲೆ ಕೊರೆದ ಚೌಕುಳಿ ಗೀರುಗಳು ಸವೆದು ಮೊಂಡಾಗಿದ್ದವು. ಅಂಗೈ ಅದರ ಮೇಲೆ ಕೂತ ಕೂಡಲೇ ಎಲ್ವುಡ್‌ಗೆ ಮೈ ಜುಮ್ಮೆಂದಿತು. ಟೈಟಸ್ ದೊಡ್ಡಪ್ಪ! ಮೊದಲ ಯುದ್ಧದಲ್ಲಿ ಅಮೆರಿಕದ ಹಡಗಿನಲ್ಲಿದ್ದ ದೊಡ್ಡಪ್ಪ, ಶರಣಾದ ಜರ್ಮನ್ ಜಲಾಂತರ್ಗಾಮಿಯವರಿಂದ ತಂದ ಪಿಸ್ತೂಲು. ಅವನು ಸತ್ತ ಮೇಲೆ ಅದು ಎಲ್ವುಡ್‌ಗೆ ಬಂತು. ಆಗ ಎಲ್ವುಡ್‌ಗೆ ಇಪ್ಪತ್ತೆರಡು. ಗವಸಿಲ್ಲ, ಗಿವಸಿಲ್ಲ, ಸಂಜೆಯೆಲ್ಲ ಜಗಲಿಯಲ್ಲಿ ಕೂತು ಬರಿಗೈಯಲ್ಲಿ ಎಣ್ಣೆ ಸವರುತ್ತಿದ್ದ. ಬೆಳಗ್ಗೆ ತಿಂದದ್ದೇನು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ, ಆದರೆ ಆ ಜಗಲಿಯ ಮರದ ವಾಸನೆ ಈಗಲೂ ಮೂಗಿನಲ್ಲಿತ್ತು. ಇದು ತನ್ನದೇ ಪಿಸ್ತೂಲು. ಬಾಯಿ ತೆರೆದ.

ಅಷ್ಟರಲ್ಲಿ ಎಡಗೈಯ ಹೆಬ್ಬೆರಳು ಎಡಗಡೆಯ ಪಟ್ಟಿಯ ಮೇಲೆ ಹೋಯಿತು. ಅಲ್ಲಿ ಗೀರುಗಳು ಮೊಂಡಾಗಿರಲಿಲ್ಲ.

"ಎಡಗಡೆ ಚುಚ್ಚುತ್ತೆ," ಎಂದ.

"ಏನು ಚುಚ್ಚುತ್ತೆ?" ಬರ್ನಿಸ್ ಕೇಳಿದಳು. "ಅಸಲಿಯೋ ಬೆರಕೆಯೋ ಅಷ್ಟು ಹೇಳಪ್ಪ. ನಲವತ್ತು ಸೆಕೆಂಡಿದೆ."

ಎಲ್ವುಡ್ ಮತ್ತೆ ಸವರಿದ. ಬಲಗಡೆ ದೊಡ್ಡಪ್ಪನದು. ಎಡಗಡೆ ಯಾರದೋ. ಅರ್ಧ ತನ್ನ ಪಿಸ್ತೂಲು, ಅರ್ಧ ಅಲ್ಲ. ಅದು ಹೇಗಾಗುತ್ತದೆ? ಒಂದೇ ಹಿಡಿ ಎರಡು ಬದಿಗೆ ಎರಡು ರೀತಿ ಸವೆಯುತ್ತದೆಯೇ? ಇಲ್ಲ ತನ್ನ ಎಡಗೈಗೂ ಮರೆವು ಬಂತೆ? ತಲೆಗೆ ಬಂದ ಹಾಗೆ ಕೈಗೂ ಬರಬಹುದಲ್ಲವೇ? ತಲೆ ಎತ್ತಿ ವಿಲ್ಮರ್‌ನ ಮುಖ ನೋಡಿದ. ವಿಲ್ಮರ್‌ನ ನಗು ಮಾಯವಾಗಿತ್ತು, ಅವನು ಮೇಜಿನ ಮೇಲಿನ ಡೋನಟ್ಟನ್ನೇ ನೋಡುತ್ತಿದ್ದ.

"ಎಲ್ವುಡ್, ಅಸಲಿಯೋ ಬೆರಕೆಯೋ?"

"ಇದು ನನ್ನದು. ಅಲ್ಲ, ತಡಿ, ನನ್ನದಲ್ಲ." ಮತ್ತೊಮ್ಮೆ ಹೆಬ್ಬೆರಳಿಂದ ತಡವಿದ. "ಬೆರಕೆ. ಎಡಗಡೆ ಪಟ್ಟಿ ಬೇರೆ ಯಾವುದೋ ಪಿಸ್ತೂಲಿಂದು."

ಬರ್ನಿಸ್ ಟವೆಲ್ ಎಳೆದಳು.

ಹಿಂದಿನ ಸಾಲಿನಿಂದ ಯಾರೋ, "ಅಯ್ಯೋ ದೇವರೇ, ಅದು ಅವನದೇ ಟೈಟಸ್ ಲ್ಯೂಗರ್ ಅಲ್ವೇನ್ರೋ," ಎಂದರು. ಆ ಪಿಸ್ತೂಲನ್ನು ಆ ಹಾಲಿನಲ್ಲಿ ನೋಡದವರೇ ಇರಲಿಲ್ಲ. ತಲೆಯಿಂದ ಬುಡದವರೆಗೆ ಅಸಲಿ ಎಂದು ಎಲ್ವುಡ್ ತಾನೇ ನೂರು ಸಲ ಹೇಳಿದ್ದ.

"ವಿಲ್ಮರ್ ಅಂಕಲ್ ಕೇಳಿದ್ರು, ಗುರುವಾರ ನಾನೇ ತಿಜೋರಿಯಿಂದ ತೆಗೆದುಕೊಟ್ಟೆ," ಎಂದಳು ಡೋರಿನ್. "ನೀನು ಸ್ನಾನಕ್ಕೆ ಹೋಗಿದ್ದೆ. ತಿಜೋರಿ ಅವತ್ತೂ ತೆರೆದೇ ಇತ್ತಪ್ಪಾ. ನಿನ್ನದೇ ಇಟ್ರೆ ಗೆಲ್ತೀಯ ಅಂತ..."

"ನನ್ನದೇ ಇರಬಹುದು. ಆದ್ರೂ ಎಡಗಡೆ ಚುಚ್ಚುತ್ತೆ!"

ಬರ್ನಿಸ್ ಕಟು ಬಾಯಿಯವಳಾದರೂ ನ್ಯಾಯ ಬಿಡುವವಳಲ್ಲ. "ಸರಿ, ಬಿಚ್ಚಿಯೇ ನೋಡೋಣ," ಎಂದು ಸ್ಕ್ರೂ ತಿರುಗಿಸಿ ಎಡಗಡೆಯ ಪಟ್ಟಿ ತೆಗೆದಳು. ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿದಳು, ಪಿಸ್ತೂಲಿನ ಮೈಮೇಲಿನ ಅಂಕಿ ನೋಡಿದಳು, ಮತ್ತೆ ಪಟ್ಟಿ ನೋಡಿದಳು. ಆಮೇಲೆ ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, "ಅರವತ್ತಮೂರು, ಎಲ್ವುಡ್. ಎರಡೂ ಕಡೆ ಅರವತ್ತಮೂರೇ. ನಿನ್ನ ನಂಬರೇ ಕಣೋ," ಎಂದಳು.

ಎಲ್ವುಡ್ ಪಟ್ಟಿ ಇಸಿದುಕೊಂಡು ನೋಡಿದ. ಅರವತ್ತಮೂರು. ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದರು, ಆ ಅಂಕಿ ಕಂಡ ಕೂಡಲೇ ತನಗೆ ಗುರುತು ಹತ್ತಬೇಕಿತ್ತೆಂದು. ಅವನಿಗೆ ಗುರುತು ಹತ್ತಲಿಲ್ಲ. ಐವತ್ತೇಳು ವರ್ಷದಿಂದ ತನ್ನದಾಗಿದ್ದ ಪಿಸ್ತೂಲಿನ ನಂಬರು ಅರವತ್ತಮೂರೋ, ಹನ್ನೊಂದೋ, ಎಂಬತ್ತೋ, ಅವನಿಗೆ ನೆನಪೇ ಇರಲಿಲ್ಲ. ಗೊತ್ತಿದ್ದವನಂತೆ ತಲೆಯಾಡಿಸಿದ.

"ಹೌದು, ಅರವತ್ತಮೂರು," ಎಂದ. "ನನಗೇ ಏನೋ ಆಗಿದೆ ಬಿಡಿ."

ಕೊರಳಿಂದ ದಾರ ತೆಗೆಯಲು ಹೋದ. ಅದು ಕಿವಿಯ ಯಂತ್ರಕ್ಕೆ ಸಿಕ್ಕಿಕೊಂಡಿತು. ಡೋರಿನ್ ಬಿಡಿಸಲು ಬಂದಳು. ಮಗಳು ಅಳುವುದನ್ನು ನೋಡಲಾರದೆ ಅವನು ಕಣ್ಣು ಮುಚ್ಚಿಕೊಂಡ.

"ತಡಿ," ಎಂದ ವಿಲ್ಮರ್.

ಅವನು ಎದ್ದು ನಿಂತಿದ್ದ.

"ಕೀಲಿ ತಗೋಬೇಡ ಡೋರಿನ್. ಅವನು ಹೇಳಿದ್ದು ಸರಿ. ಪಟ್ಟಿ ಅವನದಲ್ಲ. ಆ ಅರವತ್ತಮೂರು ಒತ್ತಿದವನು ನಾನು."

"ಏನು ಬೊಗಳ್ತಾ ಇದ್ದೀಯಾ ವಿಲ್ಮರ್?" ಬರ್ನಿಸ್ ಕೇಳಿದಳು.

"ಎಪ್ಪತ್ತೆಂಟರಲ್ಲಿ ಕಣಮ್ಮಾ. ಪ್ರದರ್ಶನಕ್ಕೆ ಅಂತ ಇವನ ಹತ್ರ ಒಂದು ವಾರಕ್ಕೆ ಇಸ್ಕೊಂಡಿದ್ದೆ. ನಮ್ಮನೆ ನೆಲಮಾಳಿಗೆ ಮೆಟ್ಟಿಲ ಮೇಲೆ ಕೈ ಜಾರಿ ಬಿತ್ತು. ಪಟ್ಟಿ ಎರಡು ಹೋಳಾಯ್ತು. ಹೇಗೆ ಹೇಳಲಿ ಇವನಿಗೆ? ಜೀವ ಇಟ್ಕೊಂಡಿದ್ದ ಅದರ ಮೇಲೆ. ಬೇರೆ ಹಳೇ ಪಟ್ಟಿ ಹುಡುಕಿ ತಂದೆ, ಬಣ್ಣ ಹೊಂದಿಸಿದೆ, ಅಚ್ಚು ನಾನೇ ಕೆತ್ತಿ ಅಂಕಿ ಒತ್ತಿದೆ. ಕಣ್ಣಿಗೆ ಏನೂ ಗೊತ್ತಾಗ್ತಿರಲಿಲ್ಲ. ಕೈಗೆ ಗೊತ್ತಾಗಿಬಿಡುತ್ತೆ ಅಂತ..." ಅವನು ಎಲ್ವುಡ್‌ನ ಬರಿಗೈ ನೋಡಿದ. "ಅದಕ್ಕೇ ಗವಸು ಕೊಟ್ಟೆ."

ಮೂವತ್ತೊಂದು ಕ್ರಿಸ್ಮಸ್. ಮೂವತ್ತೊಂದು ಜೊತೆ ಬಿಳಿ ಗವಸು. ಎಲ್ವುಡ್‌ಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ಅರ್ಥವಾದ ಮೇಲೂ ನಂಬಿಕೆ ಬರಲಿಲ್ಲ. ಈ ವಿಲ್ಮರ್ ಯಾವಾಗಲೂ ಗೆಳೆಯನನ್ನು ಉಳಿಸಲು ಹೋಗಿ ತಾನೇ ಸಿಕ್ಕಿಬೀಳುವವನು. ಹೀಗೆ ಹೇಳಿದರೆ ಹಲಗೆಯಿಂದ ಹೆಸರು ಹೋಗುತ್ತದೆಂದು ಗೊತ್ತಿದ್ದೂ ಸುಳ್ಳು ಹೇಳುತ್ತಿದ್ದರೆ?

"ನನ್ನ ಮೇಲೆ ಕನಿಕರ ತೋರಿಸೋಕೆ ಕಥೆ ಕಟ್ತಿದ್ದೀಯೇನೋ?" ಎಂದು ಕೇಳಿದ. "ನಿಜ ಹೇಳು. ನನಗೆ ಈಗ ಯಾವುದು ನಿಜ ಅಂತ ಗೊತ್ತಾಗಲ್ಲ ಕಣೋ. ನೀನೂ ಆಟ ಆಡಬೇಡ."

ವಿಲ್ಮರ್ ಕಾರ್ಯದರ್ಶಿಯ ಮರದ ಪೆಟ್ಟಿಗೆ ತೆಗೆದು, ಹಳೆಯ ವರದಿ ಪುಸ್ತಕಗಳನ್ನೆಲ್ಲ ಎತ್ತಿಟ್ಟು, ಅಡಿಯಿಂದ ಒಂದು ತಗಡಿನ ತಂಬಾಕು ಡಬ್ಬಿ ತಂದ. ಒಳಗೆ ಹತ್ತಿಯಲ್ಲಿ ಸುತ್ತಿದ ಮರದ ಎರಡು ಹೋಳುಗಳಿದ್ದವು. "ಬಿಸಾಕೋಕೆ ಮನಸ್ಸಾಗಲಿಲ್ಲ. ಕೊಡೋಕೆ ಧೈರ್ಯ ಆಗಲಿಲ್ಲ. ಇಷ್ಟು ವರ್ಷ ಆದ್ಮೇಲೆ ನಿನ್ನ ಕೈಗೂ ಮರೆತಿರುತ್ತೆ ಅಂದ್ಕೊಂಡು ಇವತ್ತು ಇದನ್ನೇ ಇಟ್ಟೆ," ಎಂದ.

ಎಲ್ವುಡ್ ಅಂಕಿ ನೋಡಲು ಹೋಗಲಿಲ್ಲ. ಎರಡೂ ಹೋಳು ಜೋಡಿಸಿ ಹಿಡಿದು ಹೆಬ್ಬೆರಳಿಂದ ಸವರಿದ. ಮೊಂಡು. ಚುಚ್ಚಲಿಲ್ಲ. ಹೆಬ್ಬೆರಳು ತನ್ನ ಹಳೆಯ ಜಾಗದಲ್ಲಿ ಹೋಗಿ ಕೂತಿತು. ಜಗಲಿ, ಸಂಜೆ, ಎಣ್ಣೆಯ ಚಿಂದಿ, ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದ ಆರ್ಲೀನ್, ಎಲ್ಲ ಬಂದುಬಿಟ್ಟವು. ಅವನು ಎಲ್ಲರೆದುರಿಗೇ ಅತ್ತ.

"ಇದೇ," ಎಂದ. "ನನ್ನ ಕೈ ಸರಿಯಾಗೇ ಇತ್ತು. ಸರಿಯಾಗೇ ಇತ್ತು ನೋಡ್ರೋ!"

ಹಾಲಿನ ತುಂಬ ಗದ್ದಲವೆದ್ದಿತು. ಬೆನ್ನು ತಟ್ಟುವವರು ತಟ್ಟಿದರು, ವಿಲ್ಮರ್‌ನ ಪಕ್ಕದ ಕುರ್ಚಿಗಳು ಖಾಲಿಯಾದವು. ಬರ್ನಿಸ್ ಹಲಗೆಯ ಹತ್ತಿರ ಹೋಗಿ, ಕಪ್ಪು ಮಸಿಯಿಂದ ವಿಲ್ಮರ್‌ನ ಹೆಸರಿನ ಮೇಲೆ ಅಡ್ಡಗೆರೆ ಎಳೆದಳು. ಎಳೆದು ಕಣ್ಣೊರೆಸಿಕೊಂಡಳು.

"ಕೀಲಿ ನಿನ್ನದೇ ಅಪ್ಪಾ," ಎಂದಳು ಡೋರಿನ್. "ಮಾತು ಅಂದ್ರೆ ಮಾತು. ನೀನು ಗೆದ್ದೆ."

ಎಲ್ವುಡ್ ಕೀಲಿಯನ್ನು ನೋಡಿದ. ಗೆದ್ದದ್ದು ಕೈ, ತಲೆಯಲ್ಲ. ಅರವತ್ತಮೂರು ಎಂಬ ಅಂಕಿ ಅವನಿಗೆ ಇನ್ನೂ ಯಾರದೋ ಮನೆಯ ನಂಬರಿನಂತೆ ಕಾಣುತ್ತಿತ್ತು. ಅದು ಅವನೊಬ್ಬನಿಗೇ ಗೊತ್ತು. ದಾರವನ್ನು ಕಿವಿಯಿಂದ ತಾನೇ ಬಿಡಿಸಿಕೊಂಡು ಮಗಳ ಕೈಯಲ್ಲಿಟ್ಟು ಬೆರಳು ಮಡಚಿದ.

"ತಗೋ ಡೋರಿನ್."

ಅವಳು ಬೆಚ್ಚಿ ನೋಡಿದಳು. ಹೆಸರು ಸರಿಯಾಗಿತ್ತು.

"ಗೆದ್ದಿದ್ದೀನಲ್ಲ, ಅದಕ್ಕೇ ಇವತ್ತೇ ಕೊಡ್ತೀನಿ. ಸೋತ ದಿನ ನಾನು ಕೊಡಲ್ಲ ಕಣಮ್ಮಾ, ಕಚ್ಚಾಡ್ತೀನಿ. ನೀನು ಕಿತ್ಕೋಬೇಕಾಗುತ್ತೆ. ಅದು ಬೇಡ. ಟೈಟಸ್ ದೊಡ್ಡಪ್ಪನದೊಂದು ಮಾತ್ರ ಮಾರಬೇಡ. ಅದನ್ನ ನಾನು ಕೇಳಿದಾಗ ಕೊಡು, ಬರಿಗೈಲಿ ಮುಟ್ಟಬೇಕು."

ವಿಲ್ಮರ್ ಕೋಟು ಹಾಕಿಕೊಂಡು ಬಾಗಿಲಿನವರೆಗೆ ಹೋಗಿದ್ದ.

"ಎಲ್ಲಿಗೋ ಹೊರಟೆ, ಕಳ್ಳ?" ಎಂದು ಎಲ್ವುಡ್ ಕೂಗಿದ. ಈಗ ನಿಜವಾದ ಸಿಟ್ಟು ಬಂದಿತ್ತು, ಕಾಲಿಂದ ತಲೆಯವರೆಗೆ. "ಮೂವತ್ತೊಂದು ವರ್ಷ ಆ ಸುಳ್ಳು ಮರಕ್ಕೆ ಗವಸು ಹಾಕ್ಕೊಂಡು ಪೂಜೆ ಮಾಡಿದ್ದೀನಿ. ಆದ್ರೆ ನಾನು ಇದನ್ನ ಮರೆತುಬಿಡ್ತೀನಿ. ನಾಳೆನೋ ನಾಡಿದ್ದೋ ಮರೆತು ನಿನ್ನನ್ನ ಮತ್ತೆ ದೇವರಂಥ ಗೆಳೆಯ ಅಂತೀನಿ. ಹಾಗೆ ತಪ್ಪಿಸ್ಕೋಬೇಡ. ಮುಂದಿನ ತಿಂಗಳು ಬಾ. ಇದೇ ಮೇಜಲ್ಲಿ ಕೂತು, ಇದೇ ಕಥೆ ಮೊದಲಿಂದ ಹೇಳು. ಆ ಡಬ್ಬಿ ತಗೊಂಡು ಬಾ."

"ಎಷ್ಟು ಸಲ ಹೇಳಬೇಕೋ?" ವಿಲ್ಮರ್ ಕೇಳಿದ.

"ನಾನು ಇರೋವರೆಗೂ."

ಮುಂದಿನ ತಿಂಗಳು ಶನಿವಾರ ಎಲ್ವುಡ್ ಮೇಜಿನ ಮುಂದೆ ಕೂತು, ಕೊರಳಲ್ಲಿ ಏನೋ ಇರಬೇಕಿತ್ತಲ್ಲ ಎಂದು ಅಂಗಿಯೊಳಗೆ ಕೈಯಾಡಿಸುತ್ತಿದ್ದ. ಎದುರಿಗೆ ವಿಲ್ಮರ್ ಬಂದು ಕೂತ. ಗೋಡೆಯ ಹಲಗೆಯಲ್ಲಿ ಅವನ ಹೆಸರಿನ ಮೇಲೆ ಯಾಕೋ ಕಪ್ಪು ಗೆರೆಯಿತ್ತು. ಎಲ್ವುಡ್‌ಗೆ ಗೆಳೆಯನನ್ನು ನೋಡಿ ಬಹಳ ಸಂತೋಷವಾಯಿತು.

"ಬಾರೋ ವಿಲ್ಮರ್! ಎಷ್ಟು ದಿನ ಆಯ್ತು. ಕೈಯಲ್ಲೇನೋ ಅದು, ತಂಬಾಕು ಡಬ್ಬಿ?"

ವಿಲ್ಮರ್ ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ಎಪ್ಪತ್ತೆಂಟರಲ್ಲಿ ಕಣೋ, ಪ್ರದರ್ಶನಕ್ಕೆ ಅಂತ ನಿನ್ನ ಹತ್ರ ಪಿಸ್ತೂಲು ಇಸ್ಕೊಂಡಿದ್ದೆ," ಎಂದು ಶುರುಮಾಡಿದ.